ಮನೆಯ ಹಿತ್ತಿಲಿನಲ್ಲಿ ಕೋಳಿಮರಿ ಮತ್ತು ಬಾತುಮರಿಗಳ ಪೋಷಣೆ

ಗ್ರಾಮಗಳಲ್ಲಿ ನಾಲ್ಕು ಕೋಳಿಗಳಾದರೂ ಇಲ್ಲದ ಒಕ್ಕಲುಮನೆಗಳು ವಿರಳವು. ಆದರೆ ಕೋಳಿಯನ್ನು ಸಾಕುವುದೆಂದರೆ ಬಹುಮಂದಿಯ ಎಣಿಕೆಯಲ್ಲಿ ಬೆಳಗ್ಗೆ ಪಂಜರದ ಬಾಗಿಲನ್ನು ತೆಗೆದು ಸಾಯಂಕಾಲ ಮುಚ್ಚುವುದಷ್ಟೇ ಆಗಿದೆ. ಒಂದು ಹೇಂಟೆಯು ಹನ್ನೆರಡು ಮೊಟ್ಟೆಗಳ ಮೇಲೆ ಕಾವು ಕೂತು ಹತ್ತು ಮರಿಗಳನ್ನು ಹೊರಡಿಸಿತೆಂದರೆ, ಎರಡು ತಿಂಗಳು ಕಳೆಯುವುದರೊಳಗಾಗಿ ಅವುಗಳಲ್ಲಿ ಮೂರು ನಾಲ್ಕು ಮಾತ್ರ ಉಳಿದಿರುವುದು ಅಪರೂಪವಾದ ಸಂಗತಿಯಲ್ಲ. ಕೇಳಿದರೆ, ಹದ್ದು ಹೊತ್ತುಕೊಂಡು ಹೋಯಿತೆಂದೂ, ಗಾಳಿ ಸೋಕಿತೆಂದೂ, ಕೋಳಿಮರಿಯ ಹಣೆಬರಹವೇ ಅಷ್ಟೆಂದೂ ಉತ್ತರ ಬರುವುದು. ಭತ್ತದ ಸಸಿಮಡಿಯಲ್ಲಿ ಹತ್ತು ಸಸಿಗಳಿಗೆ ಆರು ಸಸಿಗಳು ಸತ್ತುಹೋದರೆ ಯಾವ ಹಿಡುವಳಿದಾರನೂ ಹಣೆಬರಹವೆಂದು ಸುಮ್ಮನೆ ಕೂರುವುದಿಲ್ಲ, ಕಾರಣವನ್ನು ವಿಚಾರಿಸುತ್ತಾನೆ. ಕೋಳಿಯು ಮನೆಯ ಹೆಂಗಸರ ಸೊತ್ತಾದುದರಿಂದಲೂ, ಒಂದೊಂದು ಮರಿಯ ಬೆಲೆ ಅಲ್ಪವಾದುದರಿಂದಲೂ, ಈ ನಷ್ಟವು ಯಜಮಾನನ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಆದರೆ ಉಪ್ಪು, ಸಾಬೂನು, ಮಕ್ಕಳ ಪುಸ್ತಕ ಮುಂತಾದ ಚಿಲ್ಲರೆ ವೆಚ್ಚಗಳು ಎಷ್ಟೋ ಮನೆಗಳಲ್ಲಿ ಈ ಮೊಟ್ಟೆ ಮತ್ತು ಹುಂಜಗಳ ಹಣದಿಂದಲೇ ನಡೆಯುವುವೆಂಬುದನ್ನು ಮರೆಯಲಾಗದು.

ಮರಿಗಳ ಸಾವು ಬಹುಮಟ್ಟಿಗೆ ಮೊದಲ ಆರು ವಾರಗಳಲ್ಲಿ ಸಂಭವಿಸತಕ್ಕದ್ದು. ಚಳಿ, ತೇವ, ಸತ್ತ್ವವಿಲ್ಲದ ಆಹಾರ, ಹದ್ದು ಕಾಗೆ ಮುಂಗುಸಿಗಳ ಹಾವಳಿ, ಸಾಂಕ್ರಾಮಿಕ ರೋಗ—ಇವೇ ಕಾರಣಗಳು. ಇವುಗಳಲ್ಲಿ ಮೊದಲಿನ ನಾಲ್ಕನ್ನು ಒಂದೊಂದು ಮನೆಯವರೂ ತಾವೇ ತಡೆಯಬಲ್ಲರು. ಕಡೆಯದನ್ನು ಮಾತ್ರ ಒಂದು ಮನೆಯವರು ತಡೆಯಲಾರರು. ಊರು ಕೂಡಿದರೆ ತಡೆಯಬಹುದು. ಆದುದರಿಂದಲೇ ಈ ವಿಷಯವು ಗ್ರಾಮದ ಮುಖಂಡರ ಗಮನಕ್ಕೆ ಬರತಕ್ಕದ್ದಾಗಿದೆ.

ಕಾವು ಕೂರಿಸುವುದು.—ಕಾವಿಗೆ ಇಡತಕ್ಕ ಮೊಟ್ಟೆಗಳು ಒಂದು ವಾರಕ್ಕಿಂತ ಹಳೆಯವಾಗಿರಕೂಡದು. ಬೇಸಿಗೆಯಲ್ಲಿ ನಾಲ್ಕೈದು ದಿನಗಳೇ ಮಿತಿ. ಅತಿ ದೊಡ್ಡವು, ಅತಿ ಚಿಕ್ಕವು, ಬಿರುಕುಬಿಟ್ಟವು, ಕೊಳೆಯಾದವು—ಇವುಗಳನ್ನು ಅಡಿಗೆಗೆ ಬಿಡತಕ್ಕದ್ದು. ಕೊಳೆಯನ್ನು ನೀರಿನಿಂದ ತೊಳೆದು ಕಾವಿಗೆ ಇಡುವ ವಾಡಿಕೆಯು ಒಳ್ಳೆಯದಲ್ಲ. ತೊಳೆಯುವುದರಿಂದ ಚಿಪ್ಪಿನ ಮೇಲಣ ನೈಸರ್ಗಿಕವಾದ ಲೇಪವು ಹೋಗಿ ಹೊಲಸು ಒಳಕ್ಕೆ ಇಳಿಯಲು ದಾರಿಯಾಗುವುದು. ನಾಟಿ ಹೇಂಟೆಯ ಹೊಟ್ಟೆಯ ಕೆಳಗೆ ಹತ್ತರಿಂದ ಹನ್ನೆರಡು ಕೋಳಿಮೊಟ್ಟೆಗಳು ಚೆನ್ನಾಗಿ ಅಡಗುವುವು. ಬಾತುಮೊಟ್ಟೆಗಳು ದೊಡ್ಡವಾದುದರಿಂದ ಆರರಿಂದ ಎಂಟು ಸಾಕು. ಬುಟ್ಟಿಯ ತಳದಲ್ಲಿ ಮರಳನ್ನು ಹರಡಿ, ಮೇಲೆ ಒಣಹುಲ್ಲನ್ನು ಬಟ್ಟಲಿನಾಕಾರವಾಗಿ ಒತ್ತಿ, ಕತ್ತಲಾದ ಮೇಲೆ ಹೇಂಟೆಯನ್ನು ಕೂರಿಸಿದರೆ ಅದು ಸಮಾಧಾನದಿಂದ ಕೂರುವುದು. ಕೂರಿಸುವ ಮುನ್ನ ಅದರ ರೆಕ್ಕೆಯ ಕೆಳಗೆ ಹೇನು ಇದೆಯೋ ಇಲ್ಲವೋ ನೋಡತಕ್ಕದ್ದು. ಹೇನು ಹಿಡಿದ ಹೇಂಟೆಯು ಸ್ಥಿರವಾಗಿ ಕೂರದೆ ಮೇಲಿಂದಮೇಲೆ ಎದ್ದು ಮೊಟ್ಟೆಗಳನ್ನು ತಣ್ಣಗಾಗಿಸುವುದಲ್ಲದೆ, ಹೊರಟ ಮರಿಗಳಿಗೂ ಆ ಹೇನನ್ನೇ ಅಂಟಿಸುವುದು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೆಲವು ಕಡೆಗಳಲ್ಲಿ ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುವರು. ಇದರಿಂದ ಗುಣವೂ ಇಲ್ಲ, ದೋಷವೂ ಇಲ್ಲ; ಇಡುವವರೊಡನೆ ವಾದಿಸಬೇಕಾದುದಿಲ್ಲ. ಏಳನೆಯ ದಿನ ರಾತ್ರಿ ದೀಪಕ್ಕೆ ಹಿಡಿದು, ರಕ್ತದ ಎಳೆಗಳು ಕಾಣದ ಬಂಜೆ ಮೊಟ್ಟೆಗಳನ್ನು ತೆಗೆದುಹಾಕುವುದು ಅದಕ್ಕಿಂತ ಹೆಚ್ಚಿನ ಪ್ರಯೋಜನವುಳ್ಳ ಕೆಲಸವು.

ಕೋಳಿಮೊಟ್ಟೆಯು ಒಡೆಯಲು ೨೧ ದಿನಗಳು ಬೇಕು. ಸಾಮಾನ್ಯ ಬಾತಿನ ಮೊಟ್ಟೆಗೆ ೨೮ ದಿನಗಳು. ಮಸ್ಕೋವಿ ಜಾತಿಗೆ ಸುಮಾರು ೩೫ ದಿನಗಳು. ಎರಡು ಬಗೆಯ ಮೊಟ್ಟೆಗಳನ್ನೂ ಒಂದೇ ಹೇಂಟೆಯ ಕೆಳಗೆ ಒಂದೇ ದಿನ ಇಟ್ಟು, ಕೋಳಿಮರಿಗಳು ಹೊರಟೊಡನೆ ಹೇಂಟೆಯು ಅವುಗಳ ಹಿಂದೆ ಎದ್ದುಹೋಗಿ ಬಾತುಮೊಟ್ಟೆಗಳು ತಣ್ಣಗಾಗಿ ಕೆಟ್ಟುದನ್ನು ಕಂಡವರು ಅನೇಕರಿರುವರು. ಬಾತುಮೊಟ್ಟೆಗಳನ್ನು ಪ್ರತ್ಯೇಕವಾದ ಹೇಂಟೆಗೆ ಕೊಡುವುದೇ ಸರಿಯಾದ ಮಾರ್ಗವು. ಹೇಂಟೆಯು ಆ ಭಾರವಾದ ಮೊಟ್ಟೆಗಳನ್ನು ಸರಿಯಾಗಿ ಹೊರಳಿಸಲಾರದಾದುದರಿಂದ, ಅದು ಮೇವಿಗೆ ಎದ್ದಾಗ ದಿನಕ್ಕೊಮ್ಮೆಯಾದರೂ ಕೈಯಿಂದ ಹೊರಳಿಸತಕ್ಕದ್ದು. ತಾಯಿಬಾತು ಒದ್ದೆಯಾದ ಗರಿಗಳೊಡನೆ ಮೊಟ್ಟೆಗಳ ಮೇಲೆ ಬಂದು ಕೂರುವುದುಂಟು. ಕೋಳಿಯಲ್ಲಿ ಆ ತೇವವಿಲ್ಲ. ಆದುದರಿಂದ ಕಡೆಯ ಎರಡು ವಾರಗಳಲ್ಲಿ ಉಗುರುಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ತೆಳ್ಳಗೆ ಚಿಮುಕಿಸುವುದು ಹಿತಕರವು.

ಹೆಚ್ಚು ಮೊಟ್ಟೆಯಿಡುವ ಕಾಕಿ ಕ್ಯಾಂಪ್‌ಬೆಲ್ ಬಾತಾಗಲಿ, ಗಿರಿರಾಜ, ವನರಾಜ ಮುಂತಾದ ಸುಧಾರಿತ ಕೋಳಿಗಳಾಗಲಿ ಕಾವು ಕೂರುವುದನ್ನು ಬಹುಮಟ್ಟಿಗೆ ಮರೆತಿವೆ. ಇವುಗಳನ್ನು ತರುವವರು ಮನೆಯಲ್ಲಿ ಎರಡು ನಾಟಿ ಹೇಂಟೆಗಳನ್ನಾದರೂ ಉಳಿಸಿಕೊಳ್ಳದಿದ್ದರೆ, ಪ್ರತಿಸಲವೂ ಮರಿಗಳಿಗಾಗಿ ದೂರದ ಕೇಂದ್ರಗಳಿಗೆ ಹೋಗಬೇಕಾಗುವುದು. ನಾಟಿ ಕೋಳಿಯನ್ನು ಕೀಳೆಂದು ಮಾರಿಹಾಕಿ ಮರುವರ್ಷ ಅದನ್ನೇ ಹುಡುಕುವವರು ಈಗಲೂ ಇದ್ದಾರೆ.

ಮೊದಲ ದಿನಗಳು ಮತ್ತು ಶಾಖ.—ಮೊಟ್ಟೆಯಿಂದ ಹೊರಡುವ ಮುನ್ನ ಮರಿಯು ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದು. ಅದರ ಬಲದಿಂದ ಒಂದೆರಡು ದಿನಗಳು ಆಹಾರವಿಲ್ಲದೆ ಜೀವಿಸಬಲ್ಲದು. ದೂರದಿಂದ ಪೆಟ್ಟಿಗೆಯಲ್ಲಿ ಮರಿಗಳನ್ನು ತರಿಸಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಬಂದ ಮರಿಗೆ ಮೊದಲು ಬೇಕಾದುದು ಕಾಳಲ್ಲ, ನೀರು. ಪ್ರಯಾಣದಿಂದ ಬಂದ ಪ್ರತಿಯೊಂದು ಮರಿಯ ಕೊಕ್ಕನ್ನೂ ನೀರಿನಲ್ಲಿ ಒಮ್ಮೆ ಅದ್ದಿ ಬಿಟ್ಟರೆ ಅದು ಕುಡಿಯಲು ಕಲಿಯುವುದು. ನೀರಿನ ತಟ್ಟೆಯು ಆಳವಿಲ್ಲದುದಾಗಿರಬೇಕು. ಆಳವಾದ ಪಾತ್ರೆಯೇ ಇದ್ದರೆ ಅದರಲ್ಲಿ ಬೆಣಚುಕಲ್ಲುಗಳನ್ನು ತುಂಬಿ, ಕಲ್ಲುಗಳ ಸಂದಿನಿಂದ ಕುಡಿಯುವಂತೆ ಮಾಡತಕ್ಕದ್ದು. ನೀರಿನಲ್ಲಿ ಬಿದ್ದು ನೆನೆದ ಕೋಳಿಮರಿಯು ಬದುಕುವುದು ಕಷ್ಟ.

ಹತ್ತು ಹನ್ನೆರಡು ಮರಿಗಳಿಗೆ ತಾಯಿಕೋಳಿಗಿಂತ ಉತ್ತಮವಾದ ಶಾಖದ ಒಲೆಯು ಇನ್ನೊಂದಿಲ್ಲ. ಆದರೆ ಮೊದಲ ಎರಡು ಮೂರು ವಾರ ತಾಯಿಯನ್ನು ಮರಿಗಳೊಡನೆ ಇಡೀ ದಿನ ಅಲೆಯಲು ಬಿಡುವುದೇ ಅನರ್ಥಕ್ಕೆ ಮೂಲವು. ಇಬ್ಬನಿ ಬಿದ್ದ ಹುಲ್ಲಿನಲ್ಲಿ ತಾಯಿಯ ಹಿಂದೆ ಓಡಿ ನೆನೆದ ಮರಿಗಳಲ್ಲಿ ಹಿಂದೆ ಬಿದ್ದುದನ್ನು ಕಾಗೆ ಒಯ್ಯುವುದು. ಬಿದಿರಿನ ದೊಡ್ಡ ಪಂಜರವನ್ನು ಬಿಸಿಲು ನೆರಳು ಎರಡೂ ಇರುವ ಸ್ಥಳದಲ್ಲಿ ಬೋರಲಾಗಿಟ್ಟು, ತಾಯಿಯನ್ನು ಅದರೊಳಗೆ ಕೂಡಿ, ಮರಿಗಳು ಮಾತ್ರ ಸಂದುಗಳಿಂದ ಹೊರಕ್ಕೂ ಒಳಕ್ಕೂ ಓಡಾಡುವಂತೆ ಮಾಡಿದರೆ, ಹದ್ದಿನ ನೆರಳು ಕಂಡೊಡನೆ ತಾಯಿಯ ಕರೆಯನ್ನು ಕೇಳಿ ಅವು ಒಳಸೇರುವುವು. ರಾತ್ರಿ ಬೆಕ್ಕು, ಹೆಗ್ಗಣ, ಹಾವುಗಳು ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆದ ಗೂಡು ಅವಶ್ಯಕವು.

ತಾಯಿಯಿಲ್ಲದೆ ಮರಿಗಳನ್ನು ತಂದವರು ಶಾಖವನ್ನು ತಾವೇ ಒದಗಿಸತಕ್ಕದ್ದು. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ ೯೫ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ೩೫ ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು. ಅನಂತರ ವಾರಕ್ಕೆ ೫ ಡಿಗ್ರಿ ಫ್ಯಾರನ್‌ಹೀಟಿನಂತೆ ತಗ್ಗಿಸುತ್ತ ಬರಬೇಕು. ಬಾತುಮರಿಗಳಿಗೆ ೯೦ ಡಿಗ್ರಿಯಿಂದ ಪ್ರಾರಂಭಿಸಿದರೆ ಸಾಕು. ಅವು ಬೇಗ ಬೆಳೆಯುವುದರಿಂದ ಮೂರು ವಾರಗಳಲ್ಲಿಯೇ ಹಗಲಿನ ಶಾಖವನ್ನು ಬಿಡಿಸಬಹುದು. ೨೫ರಿಂದ ೩೦ ಮರಿಗಳಿಗೆ ೬೦ ವಾಟಿನ ಹಳೆಯ ಬಗೆಯ ತಂತಿಯ ಬಲ್ಬು ಒಂದು ಸಾಲುವುದು. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಈಚೆಗೆ ಮನೆಮನೆಗೂ ಬಂದಿರುವ ಎಲ್.ಇ.ಡಿ. ದೀಪವು ಬೆಳಕನ್ನು ಕೊಡುವುದೇ ಹೊರತು ಮರಿಗಳಿಗೆ ಸಾಲುವಷ್ಟು ಶಾಖವನ್ನು ಕೊಡದು. ಗೂಡು ಬೆಳಗುತ್ತಿದೆಯೆಂದು ನಂಬಿ ಮಲಗಿದವರು ಬೆಳಗ್ಗೆ ಸತ್ತ ಮರಿಗಳನ್ನು ಎತ್ತಬೇಕಾಗುವುದು. ವಿದ್ಯುಚ್ಛಕ್ತಿಯು ನಿಲ್ಲುವ ಊರುಗಳಲ್ಲಿ ಹೊಟ್ಟು ತುಂಬಿದ ಗೋಣಿಯನ್ನು ಸುತ್ತಲೂ ಒತ್ತಿ, ಮೇಲೆ ಕಂಬಳಿಯನ್ನು ಹೊದಿಸಿ, ಗಾಳಿಯಾಡಲು ಮೇಲ್ಭಾಗದಲ್ಲಿ ರಂಧ್ರವನ್ನು ಬಿಟ್ಟ ಪೆಟ್ಟಿಗೆಯು ರಾತ್ರಿಯನ್ನು ದಾಟಿಸುವುದು. ಮುಚ್ಚಿದ ಗೂಡಿನಲ್ಲಿ ಕೆಂಡದ ಮಡಕೆಯನ್ನು ಇಡುವುದು ಮಾತ್ರ ಎಂದಿಗೂ ಕೂಡದು. ಅದರಿಂದ ಹೊರಡುವ ವಿಷಾನಿಲವು ಮರಿಗಳನ್ನು ಸದ್ದಿಲ್ಲದೆ ಕೊಲ್ಲುವುದು.

ಉಷ್ಣಮಾಪಕವಿಲ್ಲದ ಮನೆಯವರು ಮರಿಗಳನ್ನೇ ಉಷ್ಣಮಾಪಕವೆಂದು ಭಾವಿಸಬಹುದು. ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಕೂಗುತ್ತಿದ್ದರೆ ಚಳಿ. ದೂರ ಸರಿದು ಬಾಯಿಬಿಟ್ಟು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎದುರಿನ ಕಡೆಯಿಂದ ಗಾಳಿ ನುಗ್ಗುತ್ತಿದೆಯೆಂದು ತಿಳಿಯತಕ್ಕದ್ದು. ಸಮವಾಗಿ ಹರಡಿ ಮಲಗಿದ್ದರೆ ಯಜಮಾನಿಯೂ ಮಲಗಬಹುದು. ಚೌಕವಾದ ಮೂಲೆಗಳಲ್ಲಿ ಮರಿಗಳು ಒತ್ತಿಕೊಂಡು ಉಸಿರುಕಟ್ಟಿ ಸಾಯುವುದರಿಂದ, ಚಾಪೆಯನ್ನಾಗಲಿ ತಗಡನ್ನಾಗಲಿ ವೃತ್ತಾಕಾರವಾಗಿ ನಿಲ್ಲಿಸುವುದು ಮೇಲು. ನೆಲಕ್ಕೆ ಎರಡಂಗುಲ ಭತ್ತದ ಹೊಟ್ಟು, ಮೊದಲ ಕೆಲವು ದಿನ ಅದರ ಮೇಲೆ ಗೋಣಿಯ ಹಾಸು. ನುಣುಪಾದ ಕಾಗದದ ಮೇಲೆ ಜಾರಿ ಕಾಲು ಅಗಲವಾದ ಮರಿಯು ಅನಂತರ ಸರಿಹೋಗುವುದು ಕಷ್ಟವು.

ಆಹಾರ.—ಒಡೆದ ರಾಗಿಯನ್ನೋ ಅಕ್ಕಿ ನುಚ್ಚನ್ನೋ ಎರಚುವುದು ಹಳ್ಳಿಯ ವಾಡಿಕೆ. ಮೊದಲ ಎರಡು ದಿನಗಳಿಗೆ ಇದು ಸರಿಯೇ. ಆದರೆ ಬರಿಯ ನುಚ್ಚಿನಿಂದ ಮರಿಯು ಬದುಕೀತೇ ಹೊರತು ಬೆಳೆಯಲಾರದು; ಗರಿಯೂ ಮಾಂಸವೂ ಪ್ರೋಟೀನಿನಿಂದಲೇ ಆಗತಕ್ಕವು. ಮರಿಗಳ ಆಹಾರದಲ್ಲಿ ನೂರಕ್ಕೆ ಸುಮಾರು ೨೦ ಭಾಗ ಪ್ರೋಟೀನು ಇರಬೇಕು. ಅಕ್ಕಿಯಲ್ಲಾಗಲಿ ರಾಗಿಯಲ್ಲಾಗಲಿ ಅದರ ಅರ್ಧವೂ ಇಲ್ಲ. ಮನೆಯಲ್ಲಿಯೇ ಮಿಶ್ರಣವನ್ನು ಮಾಡುವವರು ಮುರಿದ ಮುಸುಕಿನ ಜೋಳ, ರಾಗಿ ಅಥವಾ ನುಚ್ಚು ೫೦ ಭಾಗ, ಅಕ್ಕಿ ತೌಡು ೧೫ ಭಾಗ, ಕಡಲೆಕಾಯಿ ಹಿಂಡಿ ೨೨ ಭಾಗ, ಒಣಮೀನಿನ ಪುಡಿ ೧೦ ಭಾಗ, ಖನಿಜಗಳ ಮಿಶ್ರಣ ೩ ಭಾಗ—ಈ ಪ್ರಮಾಣದಲ್ಲಿ ಕಲಸಬಹುದು. ಮೀನು ಉಪ್ಪುಹಾಕಿ ಒಣಗಿಸಿದುದಾಗಿರಕೂಡದು. ಉಪ್ಪಿನ ವಿಷಕ್ಕೆ ಎಳೆಯ ಮರಿಗಳು ಬಹು ಬೇಗ ಗುರಿಯಾಗುವುವು.

ಹಣ ತೆತ್ತು ಮೀನಿನ ಪುಡಿಯನ್ನು ಕೊಳ್ಳಲಾರದ ಮನೆಗೆ ಗೆದ್ದಲು ಇದೆ. ಹಳೆಯ ಮಡಕೆಯಲ್ಲಿ ಒಣಸಗಣಿಯನ್ನೂ ಹುಲ್ಲಿನ ಚೂರುಗಳನ್ನೂ ತುಂಬಿ, ನೀರು ಚಿಮುಕಿಸಿ, ಸಂಜೆ ಗೆದ್ದಲು ಓಡಾಡುವ ಸ್ಥಳದಲ್ಲಿ ಬೋರಲಾಗಿಟ್ಟರೆ ಬೆಳಗಾಗುವುದರೊಳಗಾಗಿ ಮಡಕೆಯೊಳಗೆ ಗೆದ್ದಲು ಸೇರಿರುವುದು. ಬಿಸಿಲೇರುವ ಮುನ್ನ ಮರಿಗಳ ಮುಂದೆ ಕೊಡವಿದರೆ ಒಂದೂ ಉಳಿಯದು. ಬೆಳೆಗೆ ಶತ್ರುವಾದುದು ಹೀಗೆ ಮರಿಗೆ ಆಹಾರವಾಗುವುದು. ಗೆದ್ದಲಿಗೆ ಔಷಧಿ ಹಾಕಿದ ಜಮೀನಿನಿಂದ ಮಾತ್ರ ಇದನ್ನು ತರಕೂಡದು.

ಕಡಲೆಕಾಯಿ ಹಿಂಡಿಯ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾಗಿದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬಾತುಮರಿಗಳೂ ಸತ್ತವು. ವಿಚಾರಣೆ ನಡೆದು, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಒಂದು ಬಗೆಯ ಬೂಷ್ಟಿನಿಂದ ವಿಷವು ಹುಟ್ಟಿತ್ತೆಂದು ಗೊತ್ತಾಯಿತು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ೧೯೬೬ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೂ ಇದೇ ಕಾರಣದಿಂದ ಕೋಳಿಮರಿಗಳು ಬಹುಸಂಖ್ಯೆಯಲ್ಲಿ ಸತ್ತುವು. ಸಾಕುಪಕ್ಷಿಗಳಲ್ಲಿ ಈ ವಿಷವನ್ನು ಅತ್ಯಂತ ಕಡಿಮೆ ತಾಳಬಲ್ಲದು ಬಾತುಮರಿಯೇ. ಆದುದರಿಂದಲೇ ಹಿಂಡಿಯಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ಬಾತುಮರಿಗಳನ್ನೇ ಬಹುಕಾಲ ಉಪಯೋಗಿಸುತ್ತಿದ್ದರು. ಬೇಯಿಸಿದರೂ ಈ ವಿಷವು ನಾಶವಾಗದು. ಮಳೆಯಲ್ಲಿ ನೆನೆದ, ಮುಗ್ಗುವಾಸನೆ ಬಂದ ಹಿಂಡಿಯನ್ನೂ ಕಾಳನ್ನೂ, ಮನುಷ್ಯರು ತಿನ್ನಲಾಗದೆಂದು ಕೋಳಿಗೆ ಹಾಕುವ ಪದ್ಧತಿಯು ಮರಿಗಳ ಪಾಲಿಗೆ ಮೃತ್ಯುವು. ಬಾತುಮರಿಗಳಿಗೆ ಕಡಲೆಕಾಯಿ ಹಿಂಡಿಯನ್ನು ಹಾಕದೆ, ಸೋಯಾ ಹಿಂಡಿಯನ್ನಾಗಲಿ ಎಳ್ಳುಹಿಂಡಿಯನ್ನಾಗಲಿ ಬಳಸುವುದು ಕ್ಷೇಮಕರವು.

ಬಾತುಮರಿಯ ಪ್ರತ್ಯೇಕ ಧರ್ಮಗಳು.—ಬಾತುಮರಿಯನ್ನು ಅಗಲ ಕೊಕ್ಕಿನ ಕೋಳಿಮರಿಯೆಂದು ಎಣಿಸುವುದು ಸಾಮಾನ್ಯವಾದ ತಪ್ಪು. ಅದು ಒಣಹಿಟ್ಟನ್ನು ನುಂಗಲಾರದು, ಗಂಟಲಿಗೆ ಸಿಕ್ಕಿಕೊಳ್ಳುವುದು. ಆಹಾರವನ್ನು ನೀರಿನಲ್ಲಿ ಕಲಸಿ ಕೊಡಬೇಕು. ಉಳಿದುದು ಹುಳಿಯಾಗುವ ಮುನ್ನ ತೆಗೆದುಬಿಡಬೇಕು. ನೀರಿನ ಪಾತ್ರೆಯು ಕೊಕ್ಕು ಮೂಗಿನ ರಂಧ್ರಗಳವರೆಗೂ ಮುಳುಗುವಷ್ಟು ಆಳವಾಗಿರಬೇಕು. ಇಲ್ಲದಿದ್ದರೆ ರಂಧ್ರಗಳು ಕಟ್ಟಿ ಕಣ್ಣುಗಳು ಕೊಳೆಯುವುವು. ಪಾತ್ರೆಯು ಅಗಲವಾಗಿದ್ದರೆ ಮರಿಗಳು ಒಳಗಿಳಿದು ಗೂಡನ್ನೆಲ್ಲ ಕೆಸರುಮಾಡುವುವು. ಈ ಕೆಸರೇ ಕೋಳಿಮರಿಗಳನ್ನೂ ಬಾತುಮರಿಗಳನ್ನೂ ಒಂದೇ ಗೂಡಿನಲ್ಲಿ ಸಾಕಲಾಗದಿರುವುದಕ್ಕೆ ಮುಖ್ಯವಾದ ಕಾರಣವು. ಬಾತಿಗೆ ಸಹಜವಾದ ತೇವವು ಕೋಳಿಮರಿಗೆ ರಕ್ತಭೇದಿಯನ್ನು ತರುವುದು. ಸ್ಥಳವಿಲ್ಲದವರು ನಡುವೆ ಗೋಡೆಯನ್ನಾದರೂ ಇಟ್ಟು, ಬಾತುಗಳ ಕಡೆಯ ನೆಲವು ಹೊರಕ್ಕೆ ಇಳಿಜಾರಾಗಿರುವಂತೆ ಮಾಡತಕ್ಕದ್ದು.

ಮೂರನೆಯ ವಾರದ ಸುಮಾರಿಗೆ ಬಾತುಮರಿಗಳ ಕಾಲುಗಳು ಬಿಲ್ಲಿನಂತೆ ಬಾಗಿ, ಹಿಮ್ಮಡಿಯ ಕೀಲು ದಪ್ಪನಾಗಿ, ನಡೆಯಲಾರದೆ ಕುಳಿತುಬಿಡುವುದನ್ನು ಕಂಡು ವಾತವೆಂದು ಹೇಳುವವರುಂಟು. ಇದು ಬಹುಮಟ್ಟಿಗೆ ನಯಾಸಿನ್ ಎಂಬ ಜೀವಸತ್ತ್ವದ ಕೊರತೆಯಿಂದ ಆಗತಕ್ಕದ್ದು. ಒಂದು ಕಿಲೋ ಆಹಾರದಲ್ಲಿ ಕೋಳಿಮರಿಗೆ ಸುಮಾರು ೩೦ ಮಿಲಿಗ್ರಾಂ ನಯಾಸಿನ್ ಸಾಕಾದರೆ ಬಾತುಮರಿಗೆ ೫೫ ಮಿಲಿಗ್ರಾಂ ಬೇಕು. ಆದುದರಿಂದ ಕೋಳಿಮರಿಯ ಆಹಾರವನ್ನೇ ತಿಂದು ಕೋಳಿಮರಿಯು ಚೆನ್ನಾಗಿರುವಾಗಲೂ ಬಾತುಮರಿಯು ಕುಂಟಬಹುದು. ಮುಸುಕಿನ ಜೋಳವೊಂದನ್ನೇ ನಂಬಿದವರಲ್ಲಿ ಇದು ಹೆಚ್ಚು. ಒಣಗಿದ ಈಸ್ಟ್ ಪುಡಿಯು ಇದಕ್ಕೆ ಶ್ರೇಷ್ಠವಾದ ಔಷಧಿಯು. ಹೊಸ ಅಕ್ಕಿ ತೌಡು, ಮೀನು ಇವುಗಳಲ್ಲಿಯೂ ಈ ಸತ್ತ್ವವಿದೆ. ಕಾಲು ಬಾಗಲು ಪ್ರಾರಂಭವಾದೊಡನೆ ಕೊಟ್ಟರೆ ಗುಣಕಂಡೀತು. ತಡವಾದರೆ ಕೀಲು ಹಾಗೆಯೇ ನಿಲ್ಲುವುದು. ಅಂಗಡಿಯ ಕೋಳಿಮರಿಯ ಆಹಾರದಲ್ಲಿ ಬೆರೆಸಿರುವ ಕೆಲವು ಔಷಧಿಗಳು ಬಾತುಗಳಿಗೆ ಒಗ್ಗುವುದಿಲ್ಲವಾದುದರಿಂದ ಚೀಲದ ಮೇಲಣ ಬರಹವನ್ನು ಓದಿಸಿ, ಪಶುವೈದ್ಯರನ್ನು ಕೇಳಿ ಕೊಳ್ಳತಕ್ಕದ್ದು.

ಬಾತುಮರಿಯು ಹುಟ್ಟುತ್ತಲೇ ಈಜಬಲ್ಲದೆಂಬುದು ನಿಜ. ಆದರೆ ತಾಯಿಬಾತಿನ ಗರಿಗಳ ಎಣ್ಣೆಯು ಮೈಗೆ ಹತ್ತಿದ ಮರಿಗೂ, ಹೇಂಟೆಯ ಕೆಳಗಾಗಲಿ ದೀಪದ ಕೆಳಗಾಗಲಿ ಬೆಳೆದ ಮರಿಗೂ ಭೇದವಿದೆ. ಎರಡನೆಯದರ ತುಪ್ಪುಳು ನೀರನ್ನು ಹೀರಿ, ಮರಿಯು ಚಳಿಯಿಂದ ಸಾಯುವುದು. ಹೇಂಟೆಯು ದಡದಲ್ಲಿ ನಿಂತು ಕೂಗಿ ಗೋಳಾಡುತ್ತಿರಲು ಬಾತುಮರಿಗಳು ಕೆರೆಯ ನೀರಿಗೆ ಇಳಿಯುವ ನೋಟವು ನೋಡುವವರಿಗೆ ವಿನೋದವಾದರೂ ಮೊದಲ ವಾರಗಳಲ್ಲಿ ಇದನ್ನು ತಡೆಯತಕ್ಕದ್ದು. ಎದೆಗೂ ಹೊಟ್ಟೆಗೂ ಗರಿ ಬಂದ ಮೇಲೆ ಬಿಡಬಹುದು. ಬಲಿತ ಮರಿಗಳನ್ನು ಕೊಯ್ಲಾದ ಗದ್ದೆಗೆ ಬಿಟ್ಟರೆ ಉದುರಿದ ಭತ್ತ, ಬಸವನಹುಳು, ಏಡಿಮರಿಗಳನ್ನು ಆಯ್ದು ತಿಂದು ಆಹಾರದ ವೆಚ್ಚವನ್ನು ಬಹಳ ಮಟ್ಟಿಗೆ ಉಳಿಸುವುವು. ಕೀಟನಾಶಕವನ್ನು ಹಾಕಿದ ಗದ್ದೆಗೆ ಹೋದರೆ ಒಂದೇ ದಿನದಲ್ಲಿ ಹಿಂಡು ಮುಗಿಯಬಹುದಾದುದರಿಂದ, ಅಕ್ಕಪಕ್ಕದ ಗದ್ದೆಗಳವರನ್ನು ಕೇಳಿಯೇ ಬಿಡತಕ್ಕದ್ದು.

ರೋಗಗಳು ಮತ್ತು ಊರಿನ ಹೊಣೆ.—ಮೂರರಿಂದ ಆರು ವಾರಗಳ ಕೋಳಿಮರಿಗಳಲ್ಲಿ ರಕ್ತಭೇದಿಯು ಕಾಣಿಸುವುದು. ಕಣ್ಣಿಗೆ ಕಾಣದ ಜೀವಾಣುಗಳ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಬಿದ್ದು, ಬೆಚ್ಚಗೆ ತೇವವಾಗಿರುವ ಹಾಸಿನಲ್ಲಿ ಒಂದೆರಡು ದಿನಗಳಲ್ಲಿ ಬಲಿತು, ಕೊಕ್ಕಿನ ಮೂಲಕ ಮತ್ತೆ ಮರಿಯೊಳಕ್ಕೆ ಸೇರುವುವು. ಒಣಗಿದ ಹಾಸಿನಲ್ಲಿ ಅವು ಬಲಿಯಲಾರವು. ಹೊಟ್ಟನ್ನು ದಿನವೂ ಕೆದಕಿ, ನೀರಿನ ಪಾತ್ರೆಯ ಸುತ್ತಲಿನ ಒದ್ದೆಯನ್ನು ತೆಗೆದು ಬದಲಾಯಿಸುವವರಿಗೆ ಈ ರೋಗದ ಭಯವು ಬಹಳ ಕಡಿಮೆ. ರೋಗವು ಬಂದೇ ಬಂದರೆ ಆಂಪ್ರೋಲಿಯಂ ಎಂಬ ಔಷಧಿಯನ್ನು ವೈದ್ಯರು ನೀರಿನಲ್ಲಿ ಕೊಡಿಸುವರು.

ಹಲವು ಕಡೆಗಳಲ್ಲಿ ಕೊಕ್ಕರೆ ರೋಗವೆಂದು ಕರೆಯಲ್ಪಡುವ ರಾಣಿಖೇತ್ ರೋಗವು ಇಂಥದಲ್ಲ. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಗುರುತಿಸಲ್ಪಟ್ಟು, ಅನಂತರ ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಸೀಮೆಯ ರಾಣಿಖೇತಿನಲ್ಲಿ ಕಂಡುದರಿಂದ ಇದಕ್ಕೆ ಇಲ್ಲಿ ಆ ಹೆಸರು ಬಂದಿತು. ಮರಿಗಳು ಬಾಯಿಬಿಟ್ಟು ಉಸಿರೆಳೆಯುವುವು. ಹಸುರು ಬೆರೆತ ಬಿಳಿಯ ಭೇದಿಯಾಗುವುದು. ಕುತ್ತಿಗೆ ತಿರುಚಿಕೊಂಡು ಕಾಲು ರೆಕ್ಕೆಗಳು ಬಿದ್ದುಹೋಗುವುವು. ಒಂದು ಮನೆಗೆ ಬಂದರೆ ವಾರದೊಳಗೆ ಬೀದಿಯೆಲ್ಲ ಬರಿದಾಗುವುದು. ಬಂದ ಮೇಲೆ ಔಷಧಿಯಿಲ್ಲ. ಬೆಳ್ಳುಳ್ಳಿ, ಅರಿಸಿನ, ಬೂದಿ—ಯಾವುದೂ ನಾಟುವುದಿಲ್ಲ.

ಬರುವ ಮುನ್ನ ತಡೆಯುವ ಲಸಿಕೆಯಿದೆ. ಐದರಿಂದ ಏಳನೆಯ ದಿನದೊಳಗೆ ಎಫ್ ಅಥವಾ ಲಸೋಟ ಎಂಬ ಲಸಿಕೆಯ ಒಂದು ತೊಟ್ಟನ್ನು ಕಣ್ಣಿಗಾಗಲಿ ಮೂಗಿಗಾಗಲಿ ಬಿಡುವರು. ನಾಲ್ಕನೆಯ ವಾರದ ಸುಮಾರಿಗೆ ಮತ್ತೊಮ್ಮೆ ಕೊಡುವರು. ೧೯೪೦ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ ಸಿದ್ಧವಾದ ತಳಿಯಿಂದ ತಯಾರಿಸುವ ಆರ್.೨ ಬಿ. ಲಸಿಕೆಯನ್ನು ಎಂಟರಿಂದ ಹತ್ತು ವಾರಗಳಲ್ಲಿ ಚರ್ಮದ ಕೆಳಗೆ ಚುಚ್ಚುವರು; ಇದು ಪ್ರಬಲವಾದುದರಿಂದ ಎಳೆಯ ಮರಿಗಳಿಗೆ ಕೊಡಕೂಡದು. ಬಾತುಗಳಿಗೆ ರಾಣಿಖೇತ್ ರೋಗವು ಅಷ್ಟಾಗಿ ತಗಲದಿದ್ದರೂ ಬಾತಿನ ಪ್ಲೇಗೆಂಬ ಬೇರೊಂದು ಮಾರಿಯಿದೆ. ಅದಕ್ಕೆ ಎಂಟು ವಾರಗಳ ಅನಂತರ ಪ್ರತ್ಯೇಕವಾದ ಲಸಿಕೆಯನ್ನು ಹಾಕಿಸಬೇಕು. ಈ ಲಸಿಕೆಗಳ ವೆಚ್ಚವು ಅತ್ಯಲ್ಪ.

ಹೀಗಿದ್ದರೂ ಹಳ್ಳಿಯ ಮರಿಗಳಿಗೆ ಲಸಿಕೆಯು ತಲಪದಿರುವುದೇಕೆಂದು ವಿಚಾರಿಸಿದರೆ ಕಾರಣವು ಸೀಸೆಯ ಗಾತ್ರದಲ್ಲಿ ದೊರಕುವುದು. ಒಂದು ಸೀಸೆಯಲ್ಲಿ ನೂರು ಮರಿಗಳಿಗಾಗಲಿ ಇನ್ನೂ ಹೆಚ್ಚು ಮರಿಗಳಿಗಾಗಲಿ ಸಾಲುವಷ್ಟು ಲಸಿಕೆಯಿರುವುದು. ಅದನ್ನು ಆಸ್ಪತ್ರೆಯಿಂದ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತರಬೇಕು. ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗಾಗಿ ಮುಗಿಸಬೇಕು. ಬಿಸಿಲು ಸೋಕಿದರೆ ಅದರ ಶಕ್ತಿಯು ನಷ್ಟವಾಗುವುದು. ಎಂಟು ಮರಿಗಳಿರುವ ಒಬ್ಬ ಹೆಂಗಸು ನೂರು ಮರಿಗಳ ಸೀಸೆಯನ್ನು ಒಡೆಯಿಸಲಾರಳು. ಒಂದು ಕೇರಿಯ ಹದಿನೈದು ಮನೆಗಳವರು ಕೂಡಿದರೆ ಆ ಸೀಸೆಯು ವ್ಯರ್ಥವಾಗದು. ಆದರೆ ಒಂದು ಮನೆಯ ಮರಿಗೆ ಐದು ದಿನ, ಇನ್ನೊಂದು ಮನೆಯದಕ್ಕೆ ಐದು ವಾರವಾಗಿದ್ದರೆ ಕೂಡಿಸಿಯೂ ಪ್ರಯೋಜನ ಸಾಲದು. ಆದುದರಿಂದ ಕಾವು ಕೂರಿಸುವುದನ್ನೇ ಊರೊಟ್ಟಾಗಿ ಒಂದು ವಾರದೊಳಗೆ ನಡೆಸುವುದು ಯುಕ್ತವು. ದೀಪಾವಳಿಯ ಅನಂತರ ಮಳೆಯ ತೇವವು ಆರಿ, ಬೇಸಿಗೆಯ ತಾಪವು ಇನ್ನೂ ಬಾರದಿರುವುದರಿಂದ ಮರಿಗಳಿಗೆ ಅದೇ ಉತ್ತಮವಾದ ಕಾಲವು. ಹೇಂಟೆಗಳು ಹಿಂದುಮುಂದಾಗಿ ಕಾವಿಗೆ ಬಂದರೂ ಕೆಲವು ದಿನ ಹುಸಿ ಮೊಟ್ಟೆಯ ಮೇಲೆ ಕೂರಿಸಿ, ಗೊತ್ತಾದ ದಿನ ರಾತ್ರಿ ನಿಜವಾದ ಮೊಟ್ಟೆಗಳನ್ನು ಇಡಬಹುದು. ಆ ದಿನವನ್ನು ಮೊದಲೇ ಪಶುವೈದ್ಯರಿಗೆ ತಿಳಿಸಿದ್ದರೆ ಇಪ್ಪತ್ತೇಳು ಇಪ್ಪತ್ತೆಂಟನೆಯ ದಿನಕ್ಕೆ ಲಸಿಕೆಯು ಊರಿಗೆ ಬರುವಂತೆ ಏರ್ಪಾಟು ಮಾಡಲಾಗುವುದು. ಇದನ್ನು ಕೇರಿಯ ಹೆಂಗಸರು ತಾವಾಗಿ ಏರ್ಪಡಿಸಲು ಕಷ್ಟವಾದೀತು. ಗ್ರಾಮದ ಮುಖಂಡರ ಒಂದು ಮಾತಿನಿಂದ ಸಾಧ್ಯವಾಗುವುದು.

ಇನ್ನೊಂದು ಕೆಲಸವೂ ಮುಖಂಡರದೇ. ಊರಿನಲ್ಲಿ ಕೋಳಿಗಳು ತೂಕಡಿಸಲು ಪ್ರಾರಂಭವಾದೊಡನೆ ಮನೆಯವರು ಉಳಿದುವನ್ನು ಸಂತೆಗೆ ಒಯ್ದು ಬಂದ ಬೆಲೆಗೆ ಮಾರುವರು. ಅವರ ಕಷ್ಟವು ತಿಳಿಯತಕ್ಕದ್ದೇ. ಆದರೆ ಆ ಸಂತೆಯಿಂದ ರೋಗವು ಹತ್ತು ಹಳ್ಳಿಗಳಿಗೆ ಹೋಗಿ, ಮರುವರ್ಷ ಅದೇ ಸಂತೆಯ ಮೂಲಕ ತಿರುಗಿ ಬರುವುದು. ಸತ್ತ ಕೋಳಿಗಳನ್ನು ತಿಪ್ಪೆಗೂ ಕಾಲುವೆಗೂ ಎಸೆಯದೆ, ಸುಣ್ಣವನ್ನು ಹಾಕಿ ನಾಯಿಗಳು ತೋಡದಷ್ಟು ಆಳದಲ್ಲಿ ಹೂಳಿಸತಕ್ಕದ್ದು. ಸಂತೆಯಿಂದ ಕೊಂಡು ತಂದ ಹೊಸ ಹಕ್ಕಿಯನ್ನು ಎರಡು ಮೂರು ವಾರ ಬೇರೆಯಾಗಿ ಕಟ್ಟಿ ನೋಡಿದ ಮೇಲೆಯೇ ಹಿಂಡಿಗೆ ಸೇರಿಸತಕ್ಕದ್ದು. ಕೋಳಿಗಳೂ ಬಾತುಗಳೂ ಕಾಗೆಗಳೂ ಒಮ್ಮೆಲೇ ಬಹುಸಂಖ್ಯೆಯಲ್ಲಿ ಸತ್ತರೆ, ನಮ್ಮ ದೇಶದಲ್ಲಿ ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿಕೊಂಡ ಹಕ್ಕಿಜ್ವರದ ಶಂಕೆಗೆ ಎಡೆಯುಂಟು; ಬಾತುಗಳು ರೋಗದ ಚಿಹ್ನೆಯನ್ನು ತೋರಿಸದೆ ಅದನ್ನು ಹರಡಬಲ್ಲವು. ಅಂಥ ಸಂದರ್ಭದಲ್ಲಿ ಸತ್ತುದನ್ನು ಬರಿಗೈಯಿಂದ ಮುಟ್ಟದೆ ಅದೇ ದಿನ ಪಶುವೈದ್ಯರಿಗೆ ವರ್ತಮಾನವನ್ನು ಕಳುಹಿಸತಕ್ಕದ್ದು.

ಮರಿಗಳಿಗೆ ಎಂಟು ವಾರಗಳಾಗುವ ವೇಳೆಗೆ ಹುಂಜಗಳ ಜುಟ್ಟು ಕೆಂಪೇರಿ ಗುರುತು ಸಿಕ್ಕುವುದು. ತಳಿಗೆ ಬೇಕಾದ ಒಂದೆರಡನ್ನು ಉಳಿಸಿಕೊಂಡು ಮಿಕ್ಕ ಹುಂಜಗಳನ್ನು ಬೇರೆ ಪಂಜರಕ್ಕೆ ಹಾಕಿ ಮಾರಾಟಕ್ಕೆ ಬೆಳೆಸಬಹುದು. ತಾಯಿಯನ್ನು ಈ ಕಾಲದಲ್ಲಿಯೇ ಮರಿಗಳಿಂದ ಅಗಲಿಸಿ ಚೆನ್ನಾಗಿ ಮೇಯಿಸಿದರೆ ಅದು ಬೇಗನೆ ಮತ್ತೆ ಮೊಟ್ಟೆಗೆ ಬರುವುದು.